ಮೂಗೂರವಳ ಮಗ ನಂಜಯ್ಯ

ಅಪ್ಪ ತೀರಿಕೊಂಡದ್ದು 2003ರಲ್ಲಿ. ತಿ. ನರಸೀಪುರ ತಾಲ್ಲೂಕಿನ ನಮ್ಮೂರ ಗದ್ದೆ ಅಪ್ಪನ ಹೆಸರಿಗೇ ಬಂದಿರಲಿಲ್ಲ, ಪಹಣಿಯಲ್ಲಿ ಇನ್ನೂ 'ನಂಜಯ್ಯ' ಎಂದಷ್ಟೇ ಇತ್ತು. ಪೌತಿ ಖಾತೆಗೆ ವಂಶವೃಕ್ಷ ಬೇಕು ಎಂದದ್ದಕ್ಕೆ ತಮ್ಮನ ಜೊತೆ ನಾನೂ ಕಚೇರಿಯೊಂದಕ್ಕೆ ಹೋದೆ. ಅಲ್ಲಿದ್ದವರು ಹಾಳೆಯ ನೆತ್ತಿಯಲ್ಲಿ ಹಿರೀಕನ ಹೆಸರು ಬರೆದು, ಅದರಡಿ ಗೆರೆ ಎಳೆದು, ಗಂಡುಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿದರು. ನೋಡಿದರೆ ಅದರಲ್ಲಿ ಮೂವರು ನಂಜಯ್ಯಂದಿರು. ಒಬ್ಬ ತಾತ, ಆ ತಾತನ ಹೆಸರನ್ನು ಅಣ್ಣತಮ್ಮಂದಿರಿಬ್ಬರೂ ತಂತಮ್ಮ ಮಗನಿಗೆ ಇಟ್ಟಿದ್ದರು. "ಪಹಣಿಯ ನಂಜಯ್ಯ ಇವರಲ್ಲಿ ಯಾರು?" ಎಂದು ಕೇಳಿದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಊರಿಗೆ ಬಂದು ಸೋದರತ್ತೆಯನ್ನು ಕೇಳಿದೆವು. ಎಂಬತ್ತು ದಾಟಿದ್ದ ಅತ್ತೆ ಎಲೆ ಮಡಿಸುತ್ತಾ, "ಯಾವ ನಂಜಯ್ಯ ಕನವ್ವ? ಮೂಗೂರವಳ ಮಗನಾ, ಹೆಡತಲೆಯವಳ ಮಗನಾ?" ಎಂದರು. ಆಮೇಲೆ ತಾವೇ ಹೇಳಿದರು: ಆ ಗದ್ದೆ ಕೊಂಡದ್ದು ಮೂಗೂರಜ್ಜಿ ತನ್ನ ಕೊರಳ ಅಡ್ಡಿಕೆ ಬಿಚ್ಚಿಕೊಟ್ಟ ದುಡ್ಡಿನಲ್ಲಿ; ಹಾಗಾಗಿ ಅದು ಮೂಗೂರವಳ ಮಗ ನಂಜಯ್ಯನದು, ಅಂದರೆ ನಮ್ಮ ಅಜ್ಜನದು.

ಕಚೇರಿಯ ಹಾಳೆಯಲ್ಲಿ ಮೂಗೂರವಳೂ ಇರಲಿಲ್ಲ, ಹೆಡತಲೆಯವಳೂ ಇರಲಿಲ್ಲ.

"ಮೂಗೂರಜ್ಜಿಯ ಹೆಸರೇನತ್ತೆ?" ಎಂದೆ. ಸ್ವಂತ ಅಜ್ಜಿ, ತೊಡೆಯ ಮೇಲೆ ಮಲಗಿಸಿಕೊಂಡು ಸಾಕಿದವಳು. ಅತ್ತೆಗೆ ಗೊತ್ತಿರಲಿಲ್ಲ. ಎಲ್ಲರಿಗೂ ಆಕೆ ಮೂಗೂರಜ್ಜಿಯೇ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಟ್ಟದ ಮೇಲಿನ ಹಿತ್ತಾಳೆ ಬಿಂದಿಗೆ ಇಳಿಸಲು ತಮ್ಮನಿಗೆ ಹೇಳಿದರು. ಬಿಂದಿಗೆಯ ಕಂಠದ ಕೆಳಗೆ, ಚುಕ್ಕಿ ಚುಕ್ಕಿಯಾಗಿ ಉಳಿಯಲ್ಲಿ ಹೊಡೆದ ಅಕ್ಷರಗಳು. ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಅರ್ಧ ಸವೆದಿದ್ದವು. ಅಕ್ಕಿ ಹಿಟ್ಟು ಸವರಿ, ಬಾಗಿಲ ಬಳಿ ಓರೆ ಬೆಳಕಿಗೆ ಹಿಡಿದಾಗ ಓದಲು ಬಂತು. ಒಂದು ಹೆಣ್ಣು ಹೆಸರು, ಅದರ ಪಕ್ಕದಲ್ಲಿ 'ಮೂಗೂರು'. ಅಜ್ಜನನ್ನು ಹೆತ್ತವಳ ಹೆಸರನ್ನು ನಾನು ಮೊದಲ ಸಲ ಓದಿದ್ದು ನಲವತ್ತೈದರ ವಯಸ್ಸಿನಲ್ಲಿ, ಒಂದು ಬಿಂದಿಗೆಯ ಮೇಲೆ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ತವರು ನರಸೀಪುರದ ಕಡೆ, ಸೇರಿದ ಮನೆ ನಂಜನಗೂಡು. ಎರಡೂ ಕಪಿಲೆಯ ದಂಡೆಯವು. ಹೊಳೆ ನಂಜನಗೂಡಿನಿಂದ ನರಸೀಪುರಕ್ಕೆ ಹರಿದುಹೋಗಿ ಕಾವೇರಿಯನ್ನು ಸೇರುತ್ತದೆ, ನಾನು ನರಸೀಪುರದಿಂದ ಹೊಳೆಯ ಎದುರಿಗೆ ಬಂದೆ. ಈ ಎರಡು ಊರಿನವರ ಮುಂದೆ ಒಂದು ಬೇಡಿಕೆ ಇಡಲೆಂದೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಅಟ್ಟ, ಪೆಟ್ಟಿಗೆ, ದೇವರಕೋಣೆಯಲ್ಲಿರುವ ಹಳೆಯ ವಸ್ತುಗಳನ್ನು ಒಂದು ದಿನ ಹೊರಗೆ ತರೋಣ, ಒಬ್ಬರ ಮುಂದೊಬ್ಬರು ಇಟ್ಟು ಅವುಗಳ ಕಥೆ ಹೇಳೋಣ. ಹೇಳುವಾಗ ಹೆಂಗಸರ ಹೆಸರಿನಿಂದ ಶುರು ಮಾಡೋಣ. ಈ ಸೀಮೆಯಲ್ಲಿ ತಾಯಿಯ ಹೆಸರಿಲ್ಲದೆ ವಂಶವನ್ನು ಬಿಡಿಸುವುದಕ್ಕೇ ಆಗುವುದಿಲ್ಲ.

ಏಕೆಂದರೆ ನಮ್ಮಲ್ಲಿ ಹೆಸರು ಇಡುವುದು ದೇವರು. ಶ್ರೀಕಂಠೇಶ್ವರನ ಒಕ್ಕಲಿನ ಮನೆಯಲ್ಲಿ ನಂಜಯ್ಯ, ನಂಜುಂಡಪ್ಪ, ನಂಜಮ್ಮ. ಮಾದಪ್ಪನ ಒಕ್ಕಲಾದರೆ ಮಹದೇವ, ಮಾದಯ್ಯ, ಮಾದಮ್ಮ. ಮಂಟೇಸ್ವಾಮಿ, ಸಿದ್ದಪ್ಪಾಜಿ, ರಾಚಪ್ಪಾಜಿಗೆ ನಡೆದುಕೊಳ್ಳುವವರಲ್ಲಿ ಸಿದ್ದಯ್ಯ, ಸಿದ್ದರಾಜು, ರಾಚಯ್ಯ. ಇದರ ಮೇಲೆ ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ. ನೂರು ವರ್ಷದೊಳಗೆ ಒಂದೇ ಬೀದಿಯಲ್ಲಿ ಹತ್ತು ನಂಜಯ್ಯಂದಿರು ಹುಟ್ಟಿ ಹೋಗಿರುತ್ತಾರೆ. ಇವರನ್ನು ಬೇರೆ ಮಾಡಿ ಹೇಳಲು ಊರು ಕಂಡುಕೊಂಡ ದಾರಿ ಒಂದೇ, ತಾಯಿಯ ತವರು. ಆಡುಮಾತಿನಲ್ಲಿ ಮೂಗೂರವಳು, ಹೆಡತಲೆಯವಳು, ತಲಕಾಡವಳು ಇರುತ್ತಾರೆ. ಬರಹಕ್ಕೆ ಇಳಿದ ಕೂಡಲೇ ಮಾಯವಾಗುತ್ತಾರೆ.

ಅರಸಿಯರ ಮಾತು ಬೇರೆ. ಚಾಮುಂಡಿ ಬೆಟ್ಟದ ದೇವಸ್ಥಾನದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಳೆತ್ತರದ ಭಕ್ತವಿಗ್ರಹವಿದೆ. ಪಕ್ಕದಲ್ಲಿ ಮೂವರು ರಾಣಿಯರು. ಪೀಠಗಳ ಮೇಲೆ ಅವರ ಹೆಸರುಗಳನ್ನು ಕೆತ್ತಿದ್ದಾರೆ: ರಮಾವಿಲಾಸ, ಲಕ್ಷ್ಮೀವಿಲಾಸ, ಕೃಷ್ಣವಿಲಾಸ. ನಂಜನಗೂಡಿನ ದೊಡ್ಡ ಗೋಪುರವನ್ನು 1845ರಲ್ಲಿ ಕಟ್ಟಿಸಿದವರೂ ಆ ದೊರೆಯ ರಾಣಿ ದೇವಾಜಮ್ಮಣ್ಣಿಯವರೇ. ಅರಸಿಯರಿಗೆ ಕಲ್ಲು ಸಿಕ್ಕಿತು. ರಾಗಿ ಬೀಸಿ, ನೀರು ಹೊತ್ತು ಬದುಕಿದ ಹೆಂಗಸರಿಗೆ ಸಿಕ್ಕ ಪೀಠವೆಂದರೆ ತವರಿಂದ ಬಂದ ಬಿಂದಿಗೆ, ಚೊಂಬು, ಕಂಚಿನ ತಣಿಗೆ. ಮದುವೆಯಲ್ಲಿ ಕೊಡುವ ಪಾತ್ರೆಗೆ ಹೆಸರು ಹಾಕಿಸುವುದು ನಮ್ಮಲ್ಲಿ ರೂಢಿ. ಜಾತ್ರೆಯಲ್ಲಿ, ಪಾತ್ರೆ ಅಂಗಡಿಯ ಮುಂದೆ, ಸಣ್ಣ ಉಳಿ ಸುತ್ತಿಗೆ ಹಿಡಿದು ಕುಳಿತವರು ಟಿಕ್ ಟಿಕ್ ಎಂದು ಚುಕ್ಕಿ ಹೊಡೆಯುತ್ತಿದ್ದುದನ್ನು ನಾನು ಬೆರಗಿನಿಂದ ನೋಡುತ್ತಾ ನಿಂತದ್ದಿದೆ. ಹೆಣ್ಣಿನ ಹೆಸರು, ಕೊಟ್ಟವರ ಹೆಸರು, ಕೆಲವೊಮ್ಮೆ ಊರು, ಇಸವಿ. ಒಂದು ಮನೆಯ ಪಾತ್ರೆಗಳನ್ನೆಲ್ಲ ಸಾಲಾಗಿ ಇಟ್ಟು ಓದಿದರೆ ಆ ಮನೆಗೆ ಯಾವ ಯಾವ ಊರಿನಿಂದ ಹೆಣ್ಣು ತಂದರೆಂಬ ಪಟ್ಟಿಯೇ ಸಿಗುತ್ತದೆ.

ಕಲ್ಲಿನ ಬರಹವನ್ನು ನಾವು ಗೌರವಿಸಿದ್ದೇವೆ. ಬಿ.ಎಲ್. ರೈಸ್ ಅವರು 1894ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ನಂಜನಗೂಡು, ತಿ. ನರಸೀಪುರ ಎರಡೂ ತಾಲ್ಲೂಕುಗಳ ಶಾಸನಗಳಿವೆ. ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯ ಕಲ್ಲನ್ನು ನಾನು ತರಗತಿಯಲ್ಲಿ ಎಷ್ಟು ಸಲ ವರ್ಣಿಸಿದ್ದೇನೋ. ಒಂಬತ್ತನೆಯ ಶತಮಾನದ್ದು, ಗಂಗರ ಅರಸ ನೀತಿಮಾರ್ಗ ಸಾವಿನ ಹಾಸಿಗೆಯಲ್ಲಿದ್ದಾನೆ, ನಂಬಿಕೆಯ ಸೇವಕ ಅಗರಯ್ಯ ಅವನನ್ನು ಆತುಕೊಂಡಿದ್ದಾನೆ, ಮಗ ಎದುರಿಗೆ ನಿಂತಿದ್ದಾನೆ. ಸಾಯುವ ತಂದೆ, ನಿಂತ ಮಗ: ಸಾವಿರದ ನೂರಕ್ಕೂ ಹೆಚ್ಚು ವರ್ಷದ ಹಿಂದೆಯೇ ನಮ್ಮ ತಾಲ್ಲೂಕಿನಲ್ಲಿ ಕೆತ್ತಿದ ವಂಶಾವಳಿ ಅದು. ಅಂಥ ಒಂದೊಂದು ಕಲ್ಲಿಗೂ ಕ್ರಮಸಂಖ್ಯೆಯಿದೆ, ಪಾಠವಿದೆ, ಅನುವಾದವಿದೆ. ಬಿಂದಿಗೆಯ ಅಕ್ಷರಕ್ಕೆ ಏನೂ ಇಲ್ಲ. ನನ್ನ ಮಟ್ಟಿಗೆ ಅದೂ ಶಾಸನವೇ.

ಈ ಶಾಸನಗಳು ಹೋದ ಬಗೆಯನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ನಾನು ಚಿಕ್ಕವಳಿದ್ದಾಗ ಬೀದಿಗೆ ಸ್ಟೀಲು ಪಾತ್ರೆಯವರು ಬರುತ್ತಿದ್ದರು. ಹಳೆಯ ಹಿತ್ತಾಳೆ, ತಾಮ್ರ, ಕಂಚು ತೂಕಕ್ಕೆ ಹಾಕಿದರೆ ಹೊಳೆಯುವ ಸ್ಟೀಲು ಕೊಡುತ್ತಿದ್ದರು. ಅವ್ವ ಎರಡು ಹಂಡೆ, ನಾಲ್ಕು ತಣಿಗೆ ಕೊಟ್ಟು ಡಬ್ಬಗಳ ಒಂದು ಸಾಲನ್ನೇ ಕೊಂಡಳು. ಅವ್ವನನ್ನು ನಾನು ದೂರುವುದಿಲ್ಲ. ಬೂದಿ ಹುಣಸೆಹಣ್ಣು ಹಾಕಿ ಹಂಡೆ ಬೆಳಗುವ ಕೆಲಸ ಎಂಥದೆಂದು ಬೆಳಗಿದವರಿಗೇ ಗೊತ್ತು. ಆದರೆ ಆ ತಣಿಗೆಗಳ ಮೇಲಿದ್ದ ಹೆಸರುಗಳು ಕುಲುಮೆಯಲ್ಲಿ ಕರಗಿದವು. ಅವು ಯಾರವು ಎಂದು ನಾನು ಕೇಳಿಟ್ಟುಕೊಳ್ಳಲಿಲ್ಲ.

ವಂಶವನ್ನು ನೆನಪಿಡುವ ಕೆಲಸಕ್ಕೆಂದೇ ನಮ್ಮ ನಾಡಿನಲ್ಲಿ ಜನ ಇದ್ದರು, ಹೆಳವರು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಸಂಪುಟಗಳಲ್ಲಿ ಬಳ್ಳಾರಿ, ಮೈಸೂರು ಸೀಮೆಯ ಹೆಳವರ ಚಿತ್ರವಿದೆ. ಎತ್ತಿನ ಮೇಲೆ ಕುಳಿತು, ಕಾಲು ಕಾಣದಂತೆ ಕಂಬಳಿ ಹೊದ್ದು ಊರಿಗೆ ಬರುವರು. ಮನೆಮನೆಯ ಮುಂದೆ ನಿಂತು ಆ ವಂಶದ ಕಥೆ, ಕಾಳಗದಲ್ಲಿ ಮಡಿದವರ ಹೆಸರು ಹೇಳುವರು. ಉತ್ತರ ಕರ್ನಾಟಕದಲ್ಲಿ ಇಂದಿಗೂ ಹೊತ್ತಗೆ ಬಿಚ್ಚಿ ತಲೆಮಾರುಗಳನ್ನು ಓದುವ ಹೆಳವರಿದ್ದಾರೆ. ಹರಿದ್ವಾರದ ಪಂಡರು ಯಾತ್ರಿಕರ ಮನೆತನಗಳನ್ನು ಬರೆದಿಡುವ ವಹಿಗಳನ್ನು ನೋಡಿ ಬಂದವರು ನಮ್ಮಲ್ಲೂ ಅಂಥದ್ದು ಇರಬೇಕಿತ್ತು ಎನ್ನುತ್ತಾರೆ. ಇತ್ತು. ಆದರೆ ಹೆಳವರು ಹೇಳುತ್ತಿದ್ದುದರ ಬೆಲೆ ಇರುವುದು ಅವರು ಅದನ್ನು ಜಗಲಿಯ ಮುಂದೆ, ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದರು ಎಂಬುದರಲ್ಲಿ. ತಪ್ಪಿದರೆ ತಿದ್ದಲು ಪಕ್ಕದ ಮನೆಯವರಿದ್ದರು. ಪೆಟ್ಟಿಗೆಯೊಳಗೆ ಬೀಗ ಹಾಕಿಟ್ಟ ವಂಶಾವಳಿಯನ್ನು ತಿದ್ದುವವರಿಲ್ಲ. ಅದು ಹೊರಗೆ ಬರುವುದು ಪಾಲು ಪಾರೀಕತ್ತಿನ ದಿನ, ಜಗಳಕ್ಕೆ.

ಪಾಲಿನ ಮಾತು ಬಂತು, ಹೇಳಿಬಿಡುತ್ತೇನೆ. ತಂದೆಯ ಸ್ವಂತ ಪಾಲಿನಲ್ಲಿ ಮಗಳಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಹಕ್ಕಿತ್ತು. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕನ್ನು ಕರ್ನಾಟಕ 1994ರ ಜುಲೈ 30ರಿಂದ ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದ ನನ್ನಂಥವರನ್ನು ಹೊರಗಿಟ್ಟಿತು. ಕೇಂದ್ರದ ತಿದ್ದುಪಡಿ ಬಂದದ್ದು 2005ರಲ್ಲಿ, ಅದರ ಗೊಂದಲವನ್ನು ಸುಪ್ರೀಂ ಕೋರ್ಟು ಬಗೆಹರಿಸಿದ್ದು 2020ರ ಆಗಸ್ಟಿನಲ್ಲಿ. 2003ರ ಆ ಹಾಳೆಯಲ್ಲಿ ನನ್ನ ಹೆಸರೂ ಇರಲಿಲ್ಲ. "ಮದುವೆಯಾಗಿ ಹೋದವರಲ್ಲವೇ" ಎಂದರು. ನನಗೆ ಗದ್ದೆ ಬೇಕಿರಲಿಲ್ಲ. ಅಪ್ಪನ ಕೆಳಗೆ ಒಂದು ಗೆರೆ ಬೇಕಿತ್ತು.

ಪೆಟ್ಟಿಗೆ ತೆರೆಯಲು ಜನ ಅಂಜುವುದಕ್ಕೆ ಇನ್ನೊಂದು ಕಾರಣವಿದೆ. ನಂಜನಗೂಡಿನವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ, 1965ರಲ್ಲಿ ಬಂದ ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ' ನಮ್ಮೂರಿನದೇ ಕಥೆ. ವಂಶಶುದ್ಧಿಯನ್ನೇ ಉಸಿರಾಡಿದ ಶ್ರೀನಿವಾಸ ಶ್ರೋತ್ರಿಗಳು ಹಳೆಯ ಕಾಗದ ಓದಿ, ತಾವು ಆ ವಂಶದ ರಕ್ತವೇ ಅಲ್ಲವೆಂದು ತಿಳಿಯುತ್ತಾರೆ. ಕಾದಂಬರಿಯನ್ನು ಓದಿದವರು ಶ್ರೋತ್ರಿಗಳ ನೋವಿನ ಬಗ್ಗೆ ಮಾತಾಡುತ್ತಾರೆ. ನನಗೆ ಆ ಕಾಗದದಲ್ಲಿ ಕಾಣುವುದು ಅವರ ತಾಯಿ. ದಾಯಾದಿ ಹಗೆಯಲ್ಲಿ, ವಂಶ ಉಳಿಸುವ ಹೆಸರಿನಲ್ಲಿ ಆಕೆಯ ಮೇಲೆ ಏನು ನಡೆಯಿತೆಂಬುದು. ಇಂಥದ್ದು ಹೊರಬಂದರೆ ಮಾನ ಹೋಗುತ್ತದೆಂದು ಹೆದರುವವರಿದ್ದಾರೆ. ಸತ್ತವಳ ದುಃಖಕ್ಕಿಂತ ನಮ್ಮ ಮಾನ ದೊಡ್ಡದೆಂದು ನಾನು ಒಪ್ಪಲಾರೆ.

ಹೋದ ವರ್ಷ ಮಾಗಿಯ ಒಂದು ಭಾನುವಾರ ನಮ್ಮ ಮನೆಯ ಜಗಲಿಯ ಮೇಲೆ ಇದನ್ನು ಸಣ್ಣದಾಗಿ ಮಾಡಿ ನೋಡಿದೆವು. ಏಳು ಮನೆಯವರು ಬಂದರು. ಒಬ್ಬರು ಮೋಡಿ ಅಕ್ಷರದಂತೆ ಸುತ್ತಿ ಬರೆದ ಕ್ರಯಪತ್ರ ತಂದರು, ಒಬ್ಬರು ಹಾಲುಗಲ್ಲದ ಮಗುವಿಗೆ ಕಟ್ಟುವ ಬೆಳ್ಳಿಯ ಉಡಿದಾರ ತಂದರು. ಅದನ್ನು ಐದು ತಲೆಮಾರಿನ ಮಕ್ಕಳು ಕಟ್ಟಿಕೊಂಡಿದ್ದರಂತೆ. ಒಬ್ಬ ನೀಲಗಾರರು ತಮ್ಮ ತಂಬೂರಿ ತಂದಿದ್ದರು. ಅವರ ಬಳಿ ಕಾಗದವಿಲ್ಲ, ಪಾತ್ರೆಯಿಲ್ಲ. ತಂಬೂರಿ ಅಪ್ಪನದು, ಅದಕ್ಕೆ ಮೊದಲು ತಾತನದು. ತಂತಿ ಮೀಟಿ, ತಮಗೆ ಹಾಡು ಕಲಿಸಿದವರ ಹೆಸರುಗಳನ್ನು ಒಂದೊಂದಾಗಿ ಹೇಳಿದರು. ಅದರಲ್ಲಿ ಹಿಮ್ಮೇಳಕ್ಕೆ ದನಿಗೂಡಿಸುತ್ತಿದ್ದ ಅವರ ತಾಯಿಯ ಹೆಸರೂ ಇತ್ತು. ಅಂದು ಕೇಳಿದ್ದರಲ್ಲಿ ಅತ್ಯಂತ ಪೂರ್ಣವಾದ ವಂಶಾವಳಿ ಅದೇ.

ಅದಕ್ಕೇ ಹೇಳುತ್ತೇನೆ, ಈ ಕೂಟ ಗೋತ್ರ, ಬೆಡಗು, ಕುಲಗಳ ಮೆರವಣಿಗೆಯಾದರೆ ನಾನು ಅದರ ಹತ್ತಿರ ಸುಳಿಯುವುದಿಲ್ಲ. ನಂಜನಗೂಡು ತಾಲ್ಲೂಕಿನ ಬದನವಾಳು ಖಾದಿ ನೂಲಿಗೆ ಹೆಸರಾದ ಊರು. ಅದೇ ಊರಿನ ದೇವಸ್ಥಾನ ಪ್ರವೇಶದ ಹಗೆಯಲ್ಲಿ 1993ರಲ್ಲಿ ಮೂವರು ದಲಿತರ ಕೊಲೆಯಾಯಿತು. ಯಾರ ತಾತ ಯಾರೆಂದು ಕೇಳುವುದು ಈ ಮಣ್ಣಿನಲ್ಲಿ ನಿರಪಾಯದ ಪ್ರಶ್ನೆಯಲ್ಲ. ದೇವನೂರ ಮಹಾದೇವ ಅವರು 'ಕುಸುಮಬಾಲೆ'ಯಲ್ಲಿ ಇದೇ ಸೀಮೆಯ ಆಡುಮಾತಿನಲ್ಲಿ ಬರೆದದ್ದು, ಜಾತಿ ದಾಟಿದ ಒಂದು ಒಲವಿಗೆ ಮನೆತನಗಳು ಕೊಡುವ ಬೆಲೆಯ ಕಥೆಯನ್ನೇ. ಆದ್ದರಿಂದ ಕೂಟ ಸೇರಬೇಕಾದದ್ದು ಯಾವ ಸಮುದಾಯ ಭವನದಲ್ಲೂ ಅಲ್ಲ, ದೇವಸ್ಥಾನದ ಛತ್ರದಲ್ಲೂ ಅಲ್ಲ. ಸಾರ್ವಜನಿಕ ಗ್ರಂಥಾಲಯವಿದೆ, ಸರ್ಕಾರಿ ಶಾಲೆಯಿದೆ. ಎಲ್ಲರೂ ಒಂದೇ ಬಾಗಿಲಿನಿಂದ ಒಳಬರುವ ಜಾಗ ಸಾಕು.

ಬಂದ ವಸ್ತುವಿನ ಫೋಟೊ ಮೊಬೈಲಿನಲ್ಲೇ ತೆಗೆಯಬಹುದು. ವಸ್ತು ಸಂಜೆಗೆ ತಂದವರ ಕೈಯಲ್ಲೇ ಮನೆಗೆ ಹೋಗಬೇಕು. ಬದುಕಿರುವವರ ಹೆಸರು, ಸರ್ವೆ ನಂಬರು ಗೋಡೆಗೆ ಏರಬಾರದು. ತಾಳೆಗರಿ ಸಿಕ್ಕಿದರೆ ಅದನ್ನು ಒರೆಸದೆ, ಎಣ್ಣೆ ಹಚ್ಚದೆ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದವರಿಗೆ ತೋರಿಸಬೇಕು. ಕೌಟಿಲ್ಯನ ಅರ್ಥಶಾಸ್ತ್ರ ಲೋಕಕ್ಕೆ ಸಿಕ್ಕಿದ್ದು ತಂಜಾವೂರು ಸೀಮೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ಓಲೆಗಟ್ಟನ್ನು ಆ ಸಂಸ್ಥೆಗೆ ತಂದುಕೊಟ್ಟದ್ದರಿಂದ, ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚಿಗೆ ತಂದರು. ಮಕ್ಕಳನ್ನು ಕೂರಿಸಿ ಅಜ್ಜಿಯರ ಹತ್ತಿರ ಒಂದೇ ಪ್ರಶ್ನೆ ಕೇಳಿಸಬೇಕು: ನಿಮ್ಮ ಅಜ್ಜಿಯ ಹೆಸರೇನು, ತವರು ಯಾವುದು? ನನ್ನ ಸೋದರತ್ತೆ ಬಿಂದಿಗೆ ಇಳಿಸಿ ಓದಿದ ವರ್ಷದ ಮಳೆಗಾಲದಲ್ಲೇ ಹೋದರು. ಹೆಡತಲೆಯವಳ ಹೆಸರು ಕೇಳುವುದು ಉಳಿದೇ ಹೋಯಿತು.

ಜಗಲಿಯ ಕೂಟದ ದಿನ ಎಲ್ಲರೂ ಎದ್ದ ಮೇಲೆ ಪಕ್ಕದ ಬೀದಿಯ ಹೆಂಗಸೊಬ್ಬರು ಸೆರಗಿನಡಿಯಿಂದ ಒಂದು ತಾಮ್ರದ ಚೊಂಬು ತೆಗೆದರು. ಅವರ ಅವ್ವ ಯಾರದೋ ಮನೆಯಲ್ಲಿ ಬಾಣಂತಿ ಕೆಲಸ ಮಾಡಿದ್ದಕ್ಕೆ ಸಿಕ್ಕ ಚೊಂಬು. ಯಾರ ಮನೆಯೆಂದು ಗೊತ್ತಿಲ್ಲ. ಅಕ್ಕಿ ಹಿಟ್ಟು ಸವರಿ ಇಬ್ಬರೂ ಓದಿದೆವು. ಮೊದಲ ಎರಡು ಅಕ್ಷರ ಸವೆದುಹೋಗಿದ್ದವು. ಉಳಿದದ್ದು '...ಮ್ಮ, ಹೆಡತಲೆ'. ಹೆಡತಲೆಯಿಂದ ಹೊರಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ಲೆಕ್ಕವಿಲ್ಲದಷ್ಟು, ನಮ್ಮವಳೇ ಎಂದುಕೊಳ್ಳಲು ಆಧಾರವಿಲ್ಲ. ಚೊಂಬನ್ನು ಅವರು ಒಯ್ದರು, ಫೋಟೊ ನನ್ನ ಬಳಿ ಇದೆ. ಈ ಮಾಘದಲ್ಲಿ ಸಂಗಮದಲ್ಲಿ ಮೀಯಲೆಂದು ನರಸೀಪುರಕ್ಕೆ ಹೋದಾಗ, ಊರಲ್ಲಿ ಆ ಇನ್ನೊಬ್ಬ ನಂಜಯ್ಯನ ಮೊಮ್ಮಗಳಿದ್ದಾಳೆ, ಅವಳಿಗೆ ತೋರಿಸುತ್ತೇನೆ. ಅವಳ ಮನೆಯ ಅಟ್ಟ ಇನ್ನೂ ಖಾಲಿಯಾಗಿಲ್ಲವಂತೆ.