ಗೇರಿಲ್ಲದ ಗಾಡಿ ಎಂಬ ಸುಳ್ಳು

"ಅದೇನು ಮಹಾ ಗಾಡಿ ಬಿಡ್ರಿ, ಗೇರೇ ಇಲ್ಲ. ಹೆಣ್ಮಕ್ಕಳು ಓಡಿಸೋದು." ಕೂಡ್ಲಿಗಿಯಲ್ಲಾಗಲಿ, ಕೊಟ್ಟೂರಿನಲ್ಲಾಗಲಿ ಈ ಮಾತು ಕಿವಿಗೆ ಬೀಳದ ಸ್ಕೂಟರ್ ಸವಾರಳು ಇರಲಿಕ್ಕಿಲ್ಲ. ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ರಸ್ತೆಯಲ್ಲಿ ಬೆಳಿಗ್ಗೆ ಎಂಟೂವರೆಗೆ ನಿಂತು ನೋಡಿ. ಟೀಚರುಗಳು, ನರ್ಸುಗಳು, ಬ್ಯಾಂಕಿನವರು, ಅಂಗನವಾಡಿಯವರು ಬ್ಯಾಗು, ಬುತ್ತಿ, ಮಕ್ಕಳ ಸಮೇತ ಸಾಗುತ್ತಿರುತ್ತಾರೆ. ಮೇಲಿನ ಮಾತು ಒಂದೇ ಕಲ್ಲಿಗೆ ಇಬ್ಬರನ್ನು ಹೊಡೆಯುತ್ತದೆ: ಗಾಡಿಯೂ ಕೀಳು, ಅದನ್ನು ಓಡಿಸುವವಳೂ ಕೀಳು. ಎರಡೂ ಸುಳ್ಳು ಎಂಬುದು ನನ್ನ ವಾದ.

ನಾನು ಬಿ.ಎ. ಓದಿದವಳು, ವಿಜ್ಞಾನದವಳಲ್ಲ. ಆದರೆ ಸ್ಕೂಟರಿನ ಎಡಗಡೆಯ ಮುಚ್ಚಳ ತೆಗೆಸಿ ನೋಡಲು ಯಾವ ಡಿಗ್ರಿಯೂ ಬೇಕಿಲ್ಲ. ಎಂಜಿನ್ ಕಡೆಗೊಂದು ರಾಟೆ, ಹಿಂದಿನ ಚಕ್ರದ ಕಡೆಗೊಂದು ರಾಟೆ, ನಡುವೆ ರಬ್ಬರಿನ ಬೆಲ್ಟು. ಒಂದೊಂದು ರಾಟೆಯೂ ಎದುರುಬದುರು ಕೂಡಿಸಿದ ಎರಡೆರಡು ತಟ್ಟೆ. ಎಂಜಿನ್ ಜೋರಾಗಿ ತಿರುಗಿದಂತೆ ಮುಂದಿನ ರಾಟೆಯೊಳಗಿನ ರೋಲರುಗಳು ಹೊರಕ್ಕೆ ಸರಿದು ತಟ್ಟೆಗಳನ್ನು ಹತ್ತಿರ ಒತ್ತುತ್ತವೆ, ಬೆಲ್ಟು ಅಂಚಿಗೆ ಏರುತ್ತದೆ. ಹಿಂದಿನ ರಾಟೆಯ ತಟ್ಟೆಗಳು ಸ್ಪ್ರಿಂಗಿಗೆ ಎದುರಾಗಿ ಅಗಲುತ್ತವೆ, ಅಲ್ಲಿ ಬೆಲ್ಟು ಒಳಗಿಳಿಯುತ್ತದೆ. ಬೈಕಿನವನು ಕಾಲಿನಿಂದ ನಾಲ್ಕೈದು ಹೆಜ್ಜೆಗಳಲ್ಲಿ ಮಾಡುವುದನ್ನು ಇದು ಹೆಜ್ಜೆಯೇ ಇಲ್ಲದೆ ಮಾಡುತ್ತದೆ. ಅಷ್ಟೇ ಅಲ್ಲ, ಹಿಂದಿನ ಚಕ್ರದ ಪಕ್ಕದಲ್ಲಿ ಎಣ್ಣೆಯಲ್ಲಿ ಮುಳುಗಿದ ಹಲ್ಲುಚಕ್ರಗಳೂ ಇವೆ. ಗೇರು ಇಲ್ಲ ಎಂದವರು ಯಾರು? ಇಲ್ಲದಿರುವುದು ಗೇರು ಬದಲಿಸುವ ಕೆಲಸ ಮಾತ್ರ.

"ಎಲ್ಲವನ್ನೂ ಹಿಂದಕ್ಕೆ ನೇತುಹಾಕಿದ ಗಾಡಿ" ಎಂದು ಹೀಗಳೆಯುವವರೂ ಉಂಟು. ಅವರು ಗೋಡೆಗೆ ಚಿತ್ರ ಅಂಟಿಸಿಕೊಂಡು ಆರಾಧಿಸುವ ಸ್ಪೋರ್ಟ್ಸ್ ಕಾರುಗಳ ಕಥೆ ಏನು? 1950ರಲ್ಲಿ ಇಟಲಿಯ ಲಾನ್ಸಿಯಾ ಔರೇಲಿಯಾ ಎಂಜಿನ್ನನ್ನು ಮುಂದಿಟ್ಟು ಗೇರ್‌ಬಾಕ್ಸನ್ನು ಹಿಂದಕ್ಕೆ ಒಯ್ದಿತು. 1964ರಲ್ಲಿ ಫೆರಾರಿ 275, 1976ರಲ್ಲಿ ಪೋರ್ಷೆ 924, 1997ರಲ್ಲಿ ಅಮೆರಿಕದ ಕಾರ್ವೆಟ್ ಹಾಗೆಯೇ ಮಾಡಿದವು. ಕಾರಣ ನಮ್ಮ ಕಡೆಯ ರೈತನಿಗೆ ಗೊತ್ತು. ಬಂಡಿಗೆ ಶೇಂಗಾ ಚೀಲ ಹೇರುವಾಗ ಎಲ್ಲವನ್ನೂ ಮುಂದಕ್ಕೆ ಹಾಕಿದರೆ ಎತ್ತಿನ ಹೆಗಲು ಕುಸಿಯುತ್ತದೆ, ಹಿಂದಕ್ಕೆ ಹಾಕಿದರೆ ನೊಗ ಮೇಲೇಳುತ್ತದೆ. ಭಾರ ಅಚ್ಚಿನ ಎರಡೂ ಕಡೆ ಹಂಚಿಹೋಗಬೇಕು. ಮುಂದೆ ಎಂಜಿನ್, ಹಿಂದೆ ಗೇರ್‌ಬಾಕ್ಸ್ ಇದ್ದರೆ ಕಾರಿನ ಭಾರ ನಾಲ್ಕೂ ಚಕ್ರಕ್ಕೆ ಹೆಚ್ಚುಕಡಿಮೆ ಸಮನಾಗಿ ಹಂಚಿ, ತಿರುವಿನಲ್ಲಿ ಹಿಡಿತ ಸಿಗುತ್ತದೆ. ಅಲ್ಲಿ ಇದಕ್ಕೆ ಜಾಣ್ಮೆ ಎಂದು ಹೆಸರು. ನಮ್ಮ ಹಳೆಯ ಚೇತಕ್‌ಗೂ ಎಂಜಿನ್, ಗೇರು ಎರಡೂ ಹಿಂದಿನ ಚಕ್ರದ ಬಲಗಡೆಗೇ ಇದ್ದವು. ಆಗ ಅದನ್ನು ಹೆಂಗಸರ ಗಾಡಿ ಎಂದವರಿಲ್ಲ, ಏಕೆಂದರೆ ಓಡಿಸುತ್ತಿದ್ದವರು ಅಪ್ಪಂದಿರು.

ಬೆಲ್ಟಿನ ವಿಷಯದಲ್ಲೂ ಇದೇ ನ್ಯಾಯ. 1958ರಲ್ಲಿ ಹಾಲೆಂಡಿನ ಡಾಫ್ ಕಂಪನಿ ಇಂಥ ಬೆಲ್ಟುಗಳನ್ನು ಹಿಂದೆ ಜೋಡಿಸಿದ ಪುಟ್ಟ ಕಾರು ಹೊರತಂದಾಗ ಅಲ್ಲಿನವರೂ ಹೆಂಗಸರ, ಮುದುಕರ ಕಾರೆಂದು ನಕ್ಕರು. 1993ರಲ್ಲಿ ವಿಲಿಯಮ್ಸ್ ತಂಡ ಅದೇ ತತ್ವದ ಗೇರ್‌ಬಾಕ್ಸನ್ನು ಫಾರ್ಮುಲಾ ಒನ್ ಕಾರಿನಲ್ಲಿ ಪರೀಕ್ಷಿಸಿತು. ರೇಸಿಗೆ ಇಳಿಯುವ ಮೊದಲೇ 1994ರ ನಿಯಮಗಳು ಅದನ್ನು ನಿಷೇಧಿಸಿದವು. ಕೈಲಾಗದವರ ಉಪಕರಣವಾಗಿದ್ದರೆ ಅದನ್ನು ನಿಷೇಧಿಸುವ ಅಗತ್ಯವಾದರೂ ಏನಿತ್ತು? ಅಷ್ಟು ದೂರವೇಕೆ, ನಮ್ಮೂರಲ್ಲೇ ನೋಡಿ. ಆಟೊಮ್ಯಾಟಿಕ್ ಕಾರಿಗೆ ಹೆಚ್ಚಿನ ಹಣ ತೆತ್ತ ಗಂಡಸು "ಗೇರಿನ ತಾಪತ್ರಯವೇ ಇಲ್ಲ" ಎಂದು ಬೀಗುತ್ತಾನೆ. ಅವನು ಕೂತರೆ ಸೌಕರ್ಯ, ನಾವು ಕೂತರೆ ಅಸಾಮರ್ಥ್ಯ!

ಹಾಗಂತ ನಮ್ಮ ಸ್ಕೂಟರನ್ನು ನಾನು ಫೆರಾರಿ ಮಾಡಲು ಹೊರಟಿಲ್ಲ. ಇಲ್ಲಿ ಎಂಜಿನ್, ಬೆಲ್ಟು, ಗೇರು ಒಂದೇ ಗಂಟಾಗಿ ಹಿಂದಿನ ಚಕ್ರದೊಂದಿಗೆ ಸೇರಿಕೊಂಡಿವೆ. ಕಾಲಿಡಲು ಜಾಗ ಸಿಗಲಿ ಎಂಬುದಕ್ಕೆ ಹೀಗಿದೆಯೇ ಹೊರತು ತೂಕ ಸಮ ಮಾಡುವುದಕ್ಕಲ್ಲ. ಅದರ ಮೇಲೆ ಹಿಂದೆ ಮಗು, ಮಗುವಿನ ಬೆನ್ನಿಗೆ ಪುಸ್ತಕದ ಮೂಟೆ ಕೂತರೆ ಮುಂದಿನ ಚಕ್ರ ಹಗುರಾಗುತ್ತದೆ. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ನುಗ್ಗುತ್ತದೆ, ಆದ್ದರಿಂದ ನಿಲ್ಲಿಸುವ ಕೆಲಸದಲ್ಲಿ ಮುಂದಿನ ಬ್ರೇಕಿನದೇ ದೊಡ್ಡ ಪಾಲು. ಇಳಿಜಾರಿನಲ್ಲಿ ವೇಗ ತೀರಾ ತಗ್ಗಿದರೆ ಒಳಗಿನ ಕ್ಲಚ್ ತಾನೇ ಬಿಟ್ಟುಕೊಳ್ಳುತ್ತದೆ, ಆಗ ಬ್ರೇಕೊಂದೇ ಗತಿ. ಇವನ್ನು ನಿಮಗೆ ಯಾರಾದರೂ ಹೇಳಿಕೊಟ್ಟಿದ್ದಾರೆಯೇ? "ಎಕ್ಸಲೇಟರ್ ತಿರುವು, ಹೆದರಿಕೆಯಾದರೆ ಕಾಲು ಊರು" ಎಂಬಲ್ಲಿಗೆ ನಮ್ಮ ಪಾಠ ಮುಗಿಯುತ್ತದೆ. 2019ರಿಂದ 125 ಸಿ.ಸಿ.ವರೆಗಿನ ಹೊಸ ಗಾಡಿಗಳಿಗೆಲ್ಲ ಮುಂದಿನ, ಹಿಂದಿನ ಬ್ರೇಕು ಕೂಡಿ ಹಿಡಿಯುವ ವ್ಯವಸ್ಥೆ ಅಥವಾ ಎ.ಬಿ.ಎಸ್. ಕಡ್ಡಾಯವಾಗಿದೆ. ಮನೆಯವರು ಕಲಿಸದ್ದನ್ನು ಕಾನೂನು ಯಂತ್ರಕ್ಕಾದರೂ ಕಲಿಸಿತು.

ಇಲ್ಲೇ ನನ್ನ ಸಿಟ್ಟಿನ ಮೂಲ ಇರುವುದು. ಆ ಹಗುರ ಮಾತು ಬರೀ ಮಾತಾಗಿ ಉಳಿಯುವುದಿಲ್ಲ, ಕಲಿಕೆಯನ್ನೇ ಕಸಿಯುತ್ತದೆ. "ಗೇರಿಲ್ಲದ ಗಾಡಿಗೆ ಕಲಿಯುವುದೇನಿದೆ" ಎಂದು ಕಲಿಸುವುದಿಲ್ಲ. ಕಲಿಯದೆ ಬಿದ್ದರೆ "ಹೆಂಗಸರಿಗೆ ಗಾಡಿ ಯಾಕೆ ಬೇಕಿತ್ತು" ಎನ್ನುತ್ತಾರೆ. 1988ರ ಮೋಟಾರು ವಾಹನ ಕಾಯ್ದೆ ಗೇರಿರುವ, ಗೇರಿಲ್ಲದ ದ್ವಿಚಕ್ರಗಳೆಂದು ಲೈಸೆನ್ಸನ್ನು ಎರಡು ಮಾಡಿದೆ. ಎಷ್ಟೋ ಮನೆಗಳಲ್ಲಿ ಮಗನಿಗೆ ಮೊದಲನೆಯದು, ಮಗಳಿಗೆ "ಸಾಕು ಬಿಡು" ಎಂದು ಎರಡನೆಯದು. ಸಾಕು ಎಂದು ತೀರ್ಮಾನಿಸಿದವರು ಯಾರು? ಗ್ಯಾರೇಜಿಗೆ ಹೋದರೆ "ಯಜಮಾನರನ್ನು ಕಳಿಸಿ ಮೇಡಂ" ಎನ್ನುವುದನ್ನು ನಾನೇ ಕೇಳಿದ್ದೇನೆ. ಗಾಡಿ ನನ್ನ ಹೆಸರಲ್ಲಿ, ಕಂತು ನನ್ನ ಸಂಬಳದಲ್ಲಿ, ಬೆಲ್ಟು ಸವೆದ ಸುದ್ದಿ ಮಾತ್ರ ಯಜಮಾನರಿಗೆ!

ಆದ್ದರಿಂದ ತಂಗಿಯರೇ, ಮುಂದಿನ ಸರ್ವಿಸಿಗೆ ಹೋದಾಗ ನೀವೇ ಎದುರಿಗೆ ನಿಂತು ಮುಚ್ಚಳ ತೆಗೆಸಿ. ಬೆಲ್ಟು ಬಿರುಕು ಬಿಟ್ಟಿದೆಯೇ, ಗೇರಿನ ಎಣ್ಣೆ ಬದಲಿಸಿ ಎಷ್ಟು ದಿನವಾಯಿತು ಎಂದು ಕೇಳಿ. ಮಗಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಅವಳಿಗೆ ಲೈಸೆನ್ಸ್ ಮಾಡಿಸುವಾಗ ಗೇರಿನದನ್ನೇ ಮಾಡಿಸಿ. ಹೆಲ್ಮೆಟ್ಟು ಅವಳ ತಲೆಯ ಮೇಲಿರಲಿ, ಡಿಕ್ಕಿಯೊಳಗಲ್ಲ. ಇಷ್ಟಾದ ಮೇಲೂ ಯಾರಾದರೂ ಗೇರಿಲ್ಲದ ಗಾಡಿ ಎಂದು ನಕ್ಕರೆ ಜಗಳ ಬೇಡ. "ಗೇರು ಎಲ್ಲಿದೆ ಅಂತ ತೋರಿಸ್ತೀನಿ, ಬರ್ರಿ" ಎಂದು ಕರೆಯಿರಿ.