ನೆರೆಮನೆಯ ನೀರು

ರೋಣ, ನರಗುಂದ, ಗಜೇಂದ್ರಗಡಗಳ ಹಳೆಯ ಓಣಿಗಳಲ್ಲಿ ಒಂದು ಗೋಡೆಗೆ ಇಬ್ಬರು ಒಡೆಯರಿರುವದು ಸಾಮಾನ್ಯವು. ಒಬ್ಬನು ಬೀಗ ಹಾಕಿ ಪರಸ್ಥಳಕ್ಕೆ ಹೋದನೆಂದರೆ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿಸುವವರಿಲ್ಲ. ನೀರು ನಡುಗೋಡೆಯಲ್ಲಿ ಇಂಗಿ, ನಿರಪರಾಧಿಯಾದ ನೆರೆಯವನ ಮನೆಯನ್ನು ಕೆಡಹುವದು.

ನರಗುಂದದಲ್ಲಂತೂ ಅಪಾಯವು ನೆಲದಡಿಯಲ್ಲಿಯೂ ಇರುವದು. ಹಿರಿಯರು ಜೋಳ ತುಂಬಿಡುತ್ತಿದ್ದ ಹಗೇವುಗಳು ಮನೆ-ಬೀದಿಗಳ ಕೆಳಗೆ ಬರಿದಾಗಿ ಉಳಿದಿವೆ. ಮಲಪ್ರಭೆಯ ಕಾಲುವೆಗಳು ಬಂದ ಮೇಲೆ ಅಂತರ್ಜಲವು ಏರಿತು. 2019ರಿಂದೀಚೆಗೆ ಅಲ್ಲಲ್ಲಿ ನೆಲವು ಕುಸಿದುದನ್ನು ಊರೇ ಕಂಡಿದೆ. ಪಾಳುಮನೆಯಲ್ಲಿ ನಿಂತ ಮಳೆನೀರು ಇಂಥ ಹಗೇವಿಗೆ ಇಳಿದರೆ ಪಕ್ಕದ ಮನೆಯ ಬುನಾದಿಯ ಗತಿಯೇನು?

ನನ್ನ ಮನೆ, ನನ್ನಿಚ್ಛೆ ಎಂದು ಒಡೆಯನು ಹೇಳಬಹುದು. ಆದರೆ ನೀರು ಮೇರೆಯನ್ನರಿಯದು. ಅಪಾಯಕರ ಕಟ್ಟಡವನ್ನು ದುರಸ್ತಿ ಮಾಡಿಸಲು ಇಲ್ಲವೆ ಕೆಡವಿಸಲು 1964ರ ಕರ್ನಾಟಕ ಪುರಸಭೆಗಳ ಕಾಯದೆಯು ಅಧಿಕಾರ ಕೊಟ್ಟಿದೆ. ಗೋಡೆ ಬಿದ್ದ ಮರುದಿನ ಪಂಚನಾಮೆ ಮಾಡುವದಕ್ಕಿಂತ ಮಳೆಗೆ ಮುಂಚೆ ನೋಟೀಸು ಕೊಡುವದು ಲೇಸೆಂದು ಅಧಿಕಾರಿಗಳಿಗೆ ನಾವು ಸೂಚಿಸುತ್ತೇವೆ. ನೆರೆಯವರಾದರೂ ಬಿರುಕು ಕಂಡ ದಿನವೇ ಲಿಖಿತ ಅರ್ಜಿಯನ್ನು ಕೊಡತಕ್ಕದ್ದು.

ಪರಸ್ಥಳದ ಒಡೆಯರಲ್ಲಿ ನಮ್ಮ ಬಿನ್ನಹವಿಷ್ಟೆ: ನೀವು ಬಂದಿರಲಾಗದಿದ್ದರೆ ಬೇಡ, ಬೀಗದ ಕೈಯನ್ನು ನೆರೆಯವರಲ್ಲಿಟ್ಟು, ಮಾಳಿಗೆಯ ಮಣ್ಣಿಗಾದರೂ ಹಣ ಕಳಿಸಿರಿ.