ಕಿವಿಗೂ ಕಾಲಿಗೂ ಇರುವ ನಂಟು

ಕ್ರೀಡೆಯೆಂದೊಡನೆ ನಮಗೆ ನೆನಪಾಗುವುದು ಕಾಲಿನ ಬಲ, ತೋಳಿನ ಬಲ, ಉಸಿರಿನ ಬಲ. ಕಿವಿಯನ್ನು ನೆನೆಯುವವರು ವಿರಳ. ಆದರೆ ಓಡುವವನನ್ನೂ ಜಿಗಿಯುವವನನ್ನೂ ಬೀಳದಂತೆ ಕಾಯುವ ಅಂಗಗಳಲ್ಲಿ ಕಿವಿಯೂ ಒಂದು. ನಮ್ಮ ಶಾಲೆಯಲ್ಲಿ ಕಲಿತು ಕಾಲೇಜು ಮೈದಾನಗಳಲ್ಲಿ ಆಡಲು ಹೋಗುವ ಮಕ್ಕಳ ಹಿತದೃಷ್ಟಿಯಿಂದ ಈ ವಿಷಯವನ್ನು ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಪ್ರಸ್ತಾಪಿಸುವುದು ಉಚಿತವೆಂದು ಭಾವಿಸುತ್ತೇನೆ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಭಾಗವು ಶಬ್ದವನ್ನು ಗ್ರಹಿಸುತ್ತದೆ. ಅದಕ್ಕೆ ಹೊಂದಿಕೊಂಡೇ ಇರುವ ಮೂರು ಅರ್ಧವೃತ್ತಾಕಾರದ ನಾಳಗಳೂ ಎರಡು ಪುಟ್ಟ ಚೀಲಗಳೂ ತಲೆಯ ತಿರುವನ್ನು, ದೇಹದ ಓರೆಯನ್ನು ಮಿದುಳಿಗೆ ತಿಳಿಸುತ್ತವೆ. ಈ ಎರಡೂ ಸುದ್ದಿಗಳನ್ನು ಒಯ್ಯುವುದು ಎಂಟನೆಯ ಕಪಾಲನರವೆಂಬ ಒಂದೇ ನರ. ಆದುದರಿಂದ ಮಿದುಳುಪೊರೆಯ ಉರಿಯೂತವೋ ಕೆಲವು ತೀಕ್ಷ್ಣ ಔಷಧಿಗಳೋ ಶ್ರವಣಶಕ್ತಿಯನ್ನು ಕುಂದಿಸಿದಾಗ, ಎಲ್ಲರಲ್ಲೂ ಅಲ್ಲದಿದ್ದರೂ ಕೆಲವರಲ್ಲಿ, ಸಮತೋಲನಕ್ಕೂ ಧಕ್ಕೆ ತಗಲುತ್ತದೆ.

ಇದಕ್ಕೆ ಪ್ರಸಿದ್ಧ ನಿದರ್ಶನವೊಂದುಂಟು. ಅಮೆರಿಕದ ವಾಷಿಂಗ್ಟನ್ನಿನಲ್ಲಿ ಕಿವುಡರ ಉನ್ನತ ಶಿಕ್ಷಣಕ್ಕೆಂದೇ ನಡೆಯುತ್ತಿರುವ ಗ್ಯಾಲಡೆಟ್ ಕಾಲೇಜಿನ ಹನ್ನೊಂದು ಮಂದಿಯನ್ನು 1950ರ ದಶಕದ ಕೊನೆಯಲ್ಲಿ ಬಾಹ್ಯಾಕಾಶ ಸಂಶೋಧನೆಗೆ ಆರಿಸಿಕೊಂಡರು. ಅವರಲ್ಲಿ ಹತ್ತು ಮಂದಿ ಎಳವೆಯಲ್ಲಿ ಮಿದುಳುಪೊರೆಯ ಉರಿಯೂತದಿಂದ ಶ್ರವಣವನ್ನು ಕಳೆದುಕೊಂಡವರು. ಅದರೊಡನೆ ಒಳಗಿವಿಯ ಸಮತೋಲನ ಭಾಗವೂ ಕೆಟ್ಟಿತ್ತು. ಅಬ್ಬರದ ಕಡಲಿನಲ್ಲಿ ಸಂಶೋಧಕರೇ ವಾಂತಿ ಮಾಡಿಕೊಂಡಾಗ ಇವರು ನಿರಾತಂಕವಾಗಿ ಇಸ್ಪೀಟು ಆಡುತ್ತಿದ್ದರಂತೆ! ನೆಲದ ಮೇಲೆ ಅವರನ್ನು ನಿಲ್ಲಿಸುತ್ತಿದ್ದುದು ಕಣ್ಣು ಮತ್ತು ಕಾಲಿನ ಸ್ನಾಯು, ಕೀಲುಗಳ ಅರಿವು.

ಅಂದರೆ ಕೊರತೆಯನ್ನು ಅಭ್ಯಾಸದಿಂದ ಬಹುಮಟ್ಟಿಗೆ ತುಂಬಿಕೊಳ್ಳಬಹುದು. ಕಿವುಡರ ಅಂತಾರಾಷ್ಟ್ರೀಯ ಕ್ರೀಡಾಕೂಟವು 1924ರಲ್ಲೇ ಪ್ಯಾರಿಸ್ಸಿನಲ್ಲಿ ಆರಂಭವಾಯಿತು. ಅಲ್ಲಿ ಇಂದು ಓಟಗಾರರಿಗೆ ಪಿಸ್ತೂಲಿನ ಸದ್ದಿಗೆ ಬದಲಾಗಿ ದೀಪದ ಸಂಕೇತ. ನಮ್ಮ ದೇಶದ ಕುಸ್ತಿಪಟು ವೀರೇಂದ್ರ ಸಿಂಗ್ ಆ ಕೂಟದಲ್ಲಿ 2005, 2013 ಮತ್ತು 2017ರಲ್ಲಿ ಚಿನ್ನ ಗೆದ್ದು, 2021ರಲ್ಲಿ ಪದ್ಮಶ್ರೀಗೆ ಪಾತ್ರರಾದರು.

ಗಡಿನಾಡಾದ ಕಾಸರಗೋಡಿನಲ್ಲಿ ಈ ಸಮಸ್ಯೆಗೆ ಇನ್ನೊಂದು ಮುಖವಿದೆ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಕಾಲೇಜು ಸೇರಿದಾಗ ಮೈದಾನದ ಆದೇಶಗಳು ಬಹುಶಃ ಮಲಯಾಳದಲ್ಲಿರುತ್ತವೆ. ಆತ ತಡವಾಗಿ ಪ್ರತಿಕ್ರಿಯಿಸಿದರೆ ಭಾಷೆ ತಿಳಿಯದೆಂದೂ, ತಿರುಗುವಾಗ ಎಡವಿದರೆ ಅಜಾಗರೂಕನೆಂದೂ ಎಣಿಸುವುದು ಸುಲಭ. ಭಾಷೆಯ ಮರೆಯಲ್ಲಿ ಶ್ರವಣದೋಷ ಅಡಗಿಬಿಡುತ್ತದೆ; ಪ್ರತಿಭಾವಂತನೊಬ್ಬ ಆಟವನ್ನೇ ತೊರೆಯುತ್ತಾನೆ. ಇದಕ್ಕಿಂತ ಅನ್ಯಾಯ ಬೇರೆ ಬೇಕೆ?

ಅಪಾಯವೂ ಇಲ್ಲದಿಲ್ಲ. ಸಮತೋಲನದ ಅಂಗ ಕೆಟ್ಟವನಿಗೆ ಕಣ್ಣೇ ಆಧಾರವಾದ್ದರಿಂದ ಮುಸ್ಸಂಜೆಯ ಮಬ್ಬು, ಮರಳಿನ ನೆಲ ಕಷ್ಟಕರ. ಕಲಕಿದ ನೀರಿನಲ್ಲಿ ಮುಳುಗಿದಾಗ ಮೇಲೆ ಯಾವುದು, ಕೆಳಗೆ ಯಾವುದು ಎಂಬುದೇ ತಿಳಿಯದೆ ಹೋಗಬಹುದು. ಚಂದ್ರಗಿರಿ ಹೊಳೆಯ ತಟದ ಮಕ್ಕಳಿಗೆ ಇದು ಜೀವನ್ಮರಣದ ಪ್ರಶ್ನೆ. ಅಂಥವರನ್ನು ಒಂಟಿಯಾಗಿ ಈಜಲು ಬಿಡಬಾರದು.

ಆದುದರಿಂದ ಪ್ರತಿಯೊಬ್ಬ ವಿದ್ಯಾರ್ಥಿಗೂ ಶಾಲೆ ಸೇರುವಾಗ ಮತ್ತು ಶಾಲೆ ಬಿಡುವಾಗ ಶ್ರವಣ ಪರೀಕ್ಷೆ ನಡೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಶ್ರವಣದೋಷ ಕಂಡವರ ಸಮತೋಲನವನ್ನೂ ತಜ್ಞರು ಪರಿಶೀಲಿಸಬೇಕು. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅಲ್ಲಿ ಕನ್ನಡದಲ್ಲೇ ನಮ್ಮ ಕಷ್ಟವನ್ನು ಹೇಳಿಕೊಳ್ಳಬಹುದು. ಮೈದಾನದಲ್ಲಿ ಸೀಟಿಯೊಡನೆ ಬಾವುಟವನ್ನೂ ಬೀಸುವುದಕ್ಕೆ, ಒಂಟಿಕಾಲಿನ ನಿಲುವಿನಂತಹ ಸಮತೋಲನದ ಅಭ್ಯಾಸಗಳನ್ನು ನಿತ್ಯದ ಕವಾಯತಿಗೆ ಸೇರಿಸುವುದಕ್ಕೆ ಹೆಚ್ಚು ಹಣವೇನೂ ಬೇಡ.

ಮಹೋತ್ಸವದ ಸವಿನೆನಪಿಗಾಗಿ ಶಾಲೆಗೆ ಏನಾದರೂ ನೀಡಬೇಕೆಂದಿರುವ ಹಳೆ ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ವಿನಂತಿ. ಕಮಾನು, ಫಲಕಗಳಿಗೆ ಮುನ್ನ ವರ್ಷಕ್ಕೊಮ್ಮೆ ಶ್ರವಣ ತಪಾಸಣಾ ಶಿಬಿರವೊಂದನ್ನು ಏರ್ಪಡಿಸುವ ಭಾರವನ್ನು ಹೊರೋಣ. ಮುಂದಿನ ಐವತ್ತು ವರ್ಷಗಳಲ್ಲಿ ಈ ಅಂಗಳದ ಒಂದು ಮಗುವೂ ಕಿವಿ ಕೇಳಿಸದ ಕಾರಣಕ್ಕೆ ಆಟದಿಂದ ಹೊರಗುಳಿಯದಿರಲಿ.